ಕಚ್ಚಾ ತೈಲದಿಂದ ಗಂಧಕ ಬೇರಾಗುವ ಬಗೆ

ನೆಲದಾಳದಿಂದ ಬರುವ ಕಚ್ಚಾ ತೈಲದಲ್ಲಿ ಹೈಡ್ರೋಕಾರ್ಬನ್‌ಗಳ ಜೊತೆಗೆ ಗಂಧಕವೂ ಇರುತ್ತದೆ. ತೂಕದಲ್ಲಿ ಅದು ಸುಮಾರು ಶೇ 0.5ಕ್ಕಿಂತ ಕಡಿಮೆಯಿದ್ದರೆ ‘ಸ್ವೀಟ್ ಕ್ರೂಡ್’, ಹೆಚ್ಚಿದ್ದರೆ ‘ಸವರ್ ಕ್ರೂಡ್’. ಶೇ 2ರಷ್ಟು ಗಂಧಕವಿರುವ ಒಂದು ಟನ್ ತೈಲವೆಂದರೆ ಅದರೊಳಗೆ 20 ಕೆ.ಜಿ. ಗಂಧಕ ಅಡಗಿದೆ ಎಂದರ್ಥ.

ಇಂಧನ ಉರಿದಾಗ ಈ ಗಂಧಕ ಸಲ್ಫರ್ ಡೈಆಕ್ಸೈಡ್ ಆಗಿ ಗಾಳಿಗೆ ಸೇರಿ ಆಮ್ಲಮಳೆಗೆ ಕಾರಣವಾಗುತ್ತದೆ; ವಾಹನದ ಹೊಗೆ ಶುದ್ಧೀಕರಿಸುವ ಸಾಧನವನ್ನೂ ಕೆಡಿಸುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡದಂತೆ ಪೆಟ್ರೋಲ್, ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ (ತೂಕದಲ್ಲಿ ಹತ್ತು ಲಕ್ಷಕ್ಕೆ 10 ಭಾಗ) ಮೀರುವಂತಿಲ್ಲ. ಒಂದು ಲೀಟರ್ ಡೀಸೆಲ್‌ಗೆ ಲೆಕ್ಕ ಹಾಕಿದರೆ ಇದು ಸುಮಾರು 8 ಮಿಲಿಗ್ರಾಂ. ಬಿಎಸ್-4ರಲ್ಲಿ ಈ ಮಿತಿ 50 ಪಿಪಿಎಂ ಇತ್ತು.

ಗಂಧಕವನ್ನು ಸೋಸಿ ತೆಗೆಯಲಾಗದು. ಅದು ತೈಲದ ಅಣುವಿನೊಳಗೇ ಬೆಸೆದುಕೊಂಡಿರುತ್ತದೆ; ರಾಸಾಯನಿಕ ಕ್ರಿಯೆಯಿಂದಲೇ ಬಿಡಿಸಬೇಕು. ಅಮೆರಿಕದ ಒಹಾಯೊದ ಲೈಮಾ ತೈಲ ದುರ್ನಾತಕ್ಕೆ ಕುಖ್ಯಾತವಾಗಿತ್ತು. 1880ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ಹರ್ಮನ್ ಫ್ರಾಶ್ ತಾಮ್ರದ ಆಕ್ಸೈಡ್ ಬಳಸಿ ಅದರ ಗಂಧಕವನ್ನು ಬಿಡಿಸಿದ. ಈಗ ಆ ಕೆಲಸ ಮುಖ್ಯವಾಗಿ ಹೈಡ್ರೋಜನ್‌ನದು.

ರಿಫೈನರಿಯಲ್ಲಿ ಮೊದಲು ತೈಲವನ್ನು ಬಟ್ಟಿ ಇಳಿಸಿ ಭಾಗಗಳಾಗಿ ಬೇರ್ಪಡಿಸುತ್ತಾರೆ. ಎಲ್‌ಪಿಜಿಯಂಥ ಹಗುರ ಭಾಗದಲ್ಲಿನ ಮರ್ಕ್ಯಾಪ್ಟಾನ್ ಎಂಬ ಗಂಧಕದ ಸಂಯುಕ್ತಗಳನ್ನು ಕಾಸ್ಟಿಕ್ ಸೋಡಾ ದ್ರಾವಣದಿಂದ ತೊಳೆದು ತೆಗೆಯಬಹುದು. ಮುಂದೆ ಸೋರಿಕೆ ಮೂಗಿಗೆ ತಿಳಿಯಲೆಂದು ಅದೇ ಜಾತಿಯ ಈಥೈಲ್ ಮರ್ಕ್ಯಾಪ್ಟಾನನ್ನು ಚೂರೇ ಚೂರು ಬೆರೆಸುತ್ತಾರೆ!

ಡೀಸೆಲ್‌ನಂಥ ಭಾಗಕ್ಕೆ ಹೈಡ್ರೋಜನ್ ಸೇರಿಸಿ, 300ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಹೆಚ್ಚಿನ ಒತ್ತಡದಲ್ಲಿ ವೇಗವರ್ಧಕದ ಸಣ್ಣ ಗುಳಿಗೆಗಳ ನಡುವೆ ಹಾಯಿಸುತ್ತಾರೆ. ಅಲ್ಯೂಮಿನಾ ಗುಳಿಗೆಯ ಮೇಲೆ ಕೋಬಾಲ್ಟ್, ಮಾಲಿಬ್ಡಿನಂ ಲೇಪವಿರುತ್ತದೆ. ಅಲ್ಲಿ ಹೈಡ್ರೋಜನ್ ಗಂಧಕವನ್ನು ಕಿತ್ತುಕೊಂಡು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಸರಳ ಅಣುಗಳು ಬೇಗ ಬಿಟ್ಟುಕೊಡುತ್ತವೆ. ಆದರೆ ಡೈಬೆಂಜೋಥಯೋಫೀನ್ ಎಂಬ ಗಂಧಕದ ಸಂಯುಕ್ತದ ಕೆಲವು ಅಣುಗಳಲ್ಲಿ ಮೀಥೈಲ್ ಗುಂಪುಗಳು ಗಂಧಕದ ಎರಡೂ ಬದಿಗೆ ಕಾವಲು ನಿಂತಿರುತ್ತವೆ. ಹಾಗಾಗಿ ಕೊನೆಯ ಅಷ್ಟಿಷ್ಟು ಗಂಧಕ ತೆಗೆಯುವುದೇ ಕಷ್ಟ, ಅದಕ್ಕೇ ಖರ್ಚೂ ಹೆಚ್ಚು.

ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ವಿಷಾನಿಲ. ಅದನ್ನು ಅಮೀನ್ ದ್ರಾವಣದಲ್ಲಿ ಹಿಡಿದು, ಬಿಡಿಸಿ, ಗಂಧಕವನ್ನು ಮರಳಿ ಪಡೆಯುವ ‘ಕ್ಲಾಸ್’ ಘಟಕಕ್ಕೆ ಕಳಿಸುತ್ತಾರೆ. ಅಲ್ಲಿ ಮೂರರಲ್ಲೊಂದು ಭಾಗ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದು ಉಳಿದೆರಡು ಭಾಗದೊಡನೆ ವರ್ತಿಸಿ ನೀರಾವಿಯನ್ನೂ ಗಂಧಕವನ್ನೂ ಕೊಡುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ಮಾರುವ ಉತ್ಪನ್ನಗಳಲ್ಲಿ ಗಂಧಕವೂ ಒಂದು. ತೈಲದಲ್ಲಿ ಬೇಡವಾದ ಈ ಹಳದಿ ವಸ್ತು ಗಂಧಕಾಮ್ಲಕ್ಕೆ, ರಸಗೊಬ್ಬರಕ್ಕೆ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲಿಕ್ಕೆ ಬೇಕಾಗುತ್ತದೆ.