ಬಾಡಿಗೆ ಮನೆ ಕಟ್ಟುವ ಮೊದಲು ಒಂದು ಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ಮದ್ರಸದ ಇಬ್ಬರು ಮಕ್ಕಳು ಒಂದು ವಾರ ಕಾಣಲಿಲ್ಲ. ವಿಚಾರಿಸಿದಾಗ ಬಾಡಿಗೆ ಮನೆ ಖಾಲಿ ಮಾಡಿ ಹೋದದ್ದು ತಿಳಿಯಿತು. ತಾಯಿ ಬೀಡಿ ಕಟ್ಟುವವರು. ಬ್ರಾಂಚಿನಲ್ಲಿ ವಾರಕ್ಕೆ ಮೂರು ದಿನವಷ್ಟೇ ಎಲೆ ಸಿಗುತ್ತಿತ್ತು. ಮೂರು ತಿಂಗಳ ಬಾಡಿಗೆ ಬಾಕಿ. ಮಾಲಕರು ದಮ್ಮಾಮಿನಲ್ಲಿ ಇರುವವರು. ಫೋನಿನಲ್ಲಿ ಕೇಳಿದೆವು. "ನಾನು ಎಂತ ಮಾಡುವುದು ಉಸ್ತಾದ್? ಮನೆ ಕಟ್ಟಲು ತೆಗೆದ ಕೈಸಾಲವನ್ನು ಆ ಬಾಡಿಗೆಯಿಂದಲೇ ತೀರಿಸಬೇಕು" ಎಂದರು. ಅವರ ಮೇಲೆ ಕೋಪ ಬರಲಿಲ್ಲ. ಲೆಕ್ಕ ಮೊದಲೇ ತಪ್ಪಿತ್ತು.

ಪೇಟೆಯಲ್ಲಿ ಜಾಗದ ರೇಟು ಕೈಗೆ ಎಟಕುವುದಿಲ್ಲ. ಹಾಗಾಗಿ ಗಲ್ಫಿನಲ್ಲಿ ಬೆವರು ಸುರಿಸಿದ ಹಣದಲ್ಲಿ ಬಂಟ್ವಾಳ, ಬೆಳ್ತಂಗಡಿ ಕಡೆಯ ಒಳ ಊರುಗಳಲ್ಲಿ ಹತ್ತು ಸೆಂಟ್ಸ್ ತೆಗೆದು, ಸಾಲು ಮನೆ ಕಟ್ಟಿ ಬಾಡಿಗೆಗೆ ಬಿಡುವವರು ನಮ್ಮಲ್ಲಿ ಉಂಟು. ಇದು ಹಲಾಲಾದ ದಾರಿಯೇ. ಆದರೆ ಜಾಗ ಅಗ್ಗವಾಗಿರುವಲ್ಲಿ ಜನರ ಸಂಪಾದನೆಯೂ ಕಡಿಮೆ ಎಂಬುದನ್ನು ಮರೆಯಬಾರದು.

ಒಂದು ಉದಾಹರಣೆ ನೋಡೋಣ. 30 ಲಕ್ಷದಲ್ಲಿ ಐದು ಮನೆ, ತಿಂಗಳಿಗೆ ತಲಾ 4,000 ರೂಪಾಯಿ. ವರ್ಷಕ್ಕೆ 2,40,000. ಅಂದರೆ ನೂರಕ್ಕೆ ಎಂಟು. ಕೇಳಲು ಚಂದ. ಐದರಲ್ಲಿ ಒಂದು ಮನೆ ವರ್ಷವಿಡೀ ಖಾಲಿ ಬಿದ್ದರೆ 1,92,000. ಸೋರಿಕೆ, ಪಂಪು, ಪೈಂಟ್, ಪಂಚಾಯತ್ ತೆರಿಗೆಗೆ 40,000 ಹೋದರೆ ಉಳಿಯುವುದು 1,52,000. ನೂರಕ್ಕೆ ಐದೇ. ಈ ಐದರಲ್ಲಿ ಸಾಲ ತೀರಿಸುತ್ತೇವೆ ಎಂದು ಹೊರಟರೆ ಕೊನೆಗೆ ಏಟು ಬೀಳುವುದು ಬಾಡಿಗೆಯವರಿಗೆ.

ಕಾಗದಪತ್ರದ ವಿಷಯವೂ ಉಂಟು. ಎನ್ನಾರೈಗಳು ಕೃಷಿ ಜಮೀನು, ತೋಟ ಖರೀದಿಸುವಂತಿಲ್ಲ. ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಕನ್ವರ್ಷನ್ ಆಗಿದೆಯಾ, ನೈನ್ ಇಲೆವೆನ್ ಇದೆಯಾ, ಋಣಭಾರ ಪತ್ರದಲ್ಲಿ ಹಳೆಯ ಸಾಲ ಉಂಟಾ ಎಂದು ನೋಡಿಯೇ ಅಡ್ವಾನ್ಸ್ ಕೊಡಿ. "ಮತ್ತೆ ಮಾಡಿಸುವ" ಎನ್ನುವ ಬ್ರೋಕರನ ಮಾತು ನಂಬಬೇಡಿ. ಬಾಡಿಗೆಗೆ ಕೊಡುವಾಗ, ನೆಂಟರೇ ಆದರೂ, 11 ತಿಂಗಳ ಕರಾರು ಬರೆಸಿ. ಬಾಡಿಗೆಯವರು ಕೊಟ್ಟ ಅಡ್ವಾನ್ಸ್ ನಮ್ಮ ಸಂಪಾದನೆಯಲ್ಲ, ಹಿಂದೆ ಕೊಡಬೇಕಾದ ಹಣ. ಅದನ್ನು ಮುಟ್ಟದೆ ಇಡಿ.

ಜಾಗ ನೋಡಲು ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ. ಬಾವಿಯಲ್ಲಿ ನೀರು ಉಂಟಾ ಎಂದು ಆಗ ಗೊತ್ತಾಗುತ್ತದೆ. ಬಸ್ಸು, ಶಾಲೆ ಎಷ್ಟು ದೂರ, ಅಲ್ಲಿಯವರು ಯಾವ ಕೆಲಸದಿಂದ ಬದುಕುತ್ತಾರೆ ಎಂದು ವಿಚಾರಿಸಿ. ಊರೆಲ್ಲಾ ಬೀಡಿಯನ್ನೇ ನಂಬಿದ್ದರೆ, ಬೀಡಿ ನಿಂತ ದಿನ ಐದು ಮನೆಯ ಬಾಡಿಗೆಯೂ ಒಟ್ಟಿಗೆ ನಿಲ್ಲುತ್ತದೆ. ಕನಿಷ್ಠ ಆರು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ. ಬಾಡಿಗೆಗೆ ಬಿಟ್ಟ ಮನೆಯ ಬೆಲೆಗೆ ಝಕಾತ್ ಇಲ್ಲ. ಬಂದ ಬಾಡಿಗೆ ಉಳಿದು, ನಿಸಾಬ್ ತಲುಪಿ, ವರ್ಷ ತುಂಬಿದರೆ ನೂರಕ್ಕೆ ಎರಡೂವರೆ ಕೊಡಬೇಕು.

ಆ ತಾಯಿ ಈಗ ಮಕ್ಕಳೊಂದಿಗೆ ತವರಿನಲ್ಲಿದ್ದಾರೆ. ಅವರು ಬಿಟ್ಟ ಮನೆಗೆ ಆರು ತಿಂಗಳು ಯಾರೂ ಬರಲಿಲ್ಲ. ಮೂರು ತಿಂಗಳ ಬಾಕಿಗೆ ತಾಳ್ಮೆ ಸಾಲದೆ ಮಾಲಕರು ಆರು ತಿಂಗಳ ಬಾಡಿಗೆ ಕಳಕೊಂಡರು. ಆ ಮಕ್ಕಳು ಕುಳಿತುಕೊಳ್ಳುತ್ತಿದ್ದ ಜಾಗ ನಮ್ಮ ತರಗತಿಯಲ್ಲಿ ಇನ್ನೂ ಖಾಲಿಯೇ ಉಂಟು.