ಹಿರಿಯರ ಔಷಧಿಗೂ ಒಂದು ಲೆಕ್ಕಪುಸ್ತಕ

ವ್ಯಾಪಾರಸ್ಥ ಮನೆತನಗಳಲ್ಲಿ ಹಿರಿಯರು ಅರವತ್ತು, ಎಪ್ಪತ್ತು ದಾಟಿದ ಮೇಲೂ ವ್ಯವಹಾರದಿಂದ ಪೂರ್ತಿ ದೂರ ಸರಿಯುವುದು ವಿರಳ. ಗಲ್ಲೆಯ ಮೇಲೆ ಕುಳಿತು ಹಳೆಯ ಗಿರಾಕಿಗಳನ್ನು ಮಾತನಾಡಿಸುವವರೂ ಚೆಕ್ಕಿಗೆ ಸಹಿ ಮಾಡುವವರೂ ಬಹುಮಟ್ಟಿಗೆ ಅವರೇ. ಆದರೆ ಅಂಗಡಿಯ ದಾಸ್ತಾನಿಗೆ ದಿನವಹಿ ಲೆಕ್ಕವಿಡುವ ಅದೇ ಮನೆಯಲ್ಲಿ, ಹಿರಿಯರು ದಿನಕ್ಕೆ ಎಷ್ಟು ಮಾತ್ರೆ ಸೇವಿಸುತ್ತಾರೆ, ಯಾವುದು ಯಾವ ಕಾಯಿಲೆಗೆ ಎಂಬುದಕ್ಕೆ ಲೆಕ್ಕವಿರುವುದಿಲ್ಲ.

ಇದು ಸಣ್ಣ ಲೋಪವಲ್ಲ. ಔಷಧ ಬಳಕೆಯಲ್ಲಿನ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 42 ಬಿಲಿಯನ್ ಡಾಲರ್ ವೆಚ್ಚವಾಗುತ್ತಿದೆ ಎಂದು ಅಂದಾಜಿಸಿದ ವಿಶ್ವ ಆರೋಗ್ಯ ಸಂಸ್ಥೆಯು, ಹಾನಿಯಿಲ್ಲದ ಔಷಧೋಪಚಾರಕ್ಕಾಗಿ 2017ರ ಮಾರ್ಚ್‌ನಲ್ಲಿ ಜಾಗತಿಕ ಕಾರ್ಯಕ್ರಮವನ್ನೇ ಆರಂಭಿಸಿತು. ವಯಸ್ಸಾದಂತೆ ಮೂತ್ರಪಿಂಡ ಮತ್ತು ಯಕೃತ್ತಿನ ಶಕ್ತಿ ಕುಗ್ಗುವುದರಿಂದ ಔಷಧವು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಯುವಕರು ತಾಳಿಕೊಳ್ಳುವ ತಪ್ಪನ್ನು ಹಿರಿಯರ ದೇಹ ತಾಳಿಕೊಳ್ಳಲಾರದು.

ಒಂದೇ ಔಷಧ, ಎರಡು ಹೆಸರು

ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಂತಹ ಊರುಗಳ ಪರಿಸ್ಥಿತಿಯನ್ನು ಗಮನಿಸಬಹುದು. ಜ್ವರ, ಕೀಲುನೋವುಗಳಿಗೆ ಊರಿನ ವೈದ್ಯರು. ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ರಾಯಚೂರಿನ ತಜ್ಞರು. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಮಾತ್ರೆ ಮುಗಿದಾಗ, ಸರಕಿನೊಡನೆ ರಾಜೇಂದ್ರ ಗಂಜಿಗೆ ಹೊರಟವರ ಕೈಗೆ ಖಾಲಿ ಪಟ್ಟಿಯನ್ನು ಕೊಟ್ಟು ಕಳುಹಿಸುವುದು ರೂಢಿ. ಆ ಕಂಪನಿಯದು ಸಿಗದಿದ್ದರೆ ಅದೇ ಔಷಧವು ಬೇರೆ ಹೆಸರಿನಲ್ಲಿ ಬರುತ್ತದೆ. ಪೆಟ್ಟಿಗೆಯಲ್ಲಿ ಹಳೆಯದೂ ನಾಲ್ಕು ಉಳಿದಿದ್ದರೆ, ಎರಡೂ ಬೇರೆ ಬೇರೆ ಎಂದು ತಿಳಿದು ಹಿರಿಯರು ಎರಡನ್ನೂ ನುಂಗುವ ಸಂಭವವಿದೆ. ಟೆಲ್ಮಿಸಾರ್ಟಾನ್, ಆಮ್ಲೊಡಿಪಿನ್‌ನಂತಹ ರಕ್ತದೊತ್ತಡದ ಔಷಧ ಹೀಗೆ ಇಮ್ಮಡಿಯಾದರೆ, ಎದ್ದು ನಿಲ್ಲುವಾಗ ತಲೆಸುತ್ತಿ ಬೀಳಬಹುದು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ.

ಇದಕ್ಕೆ ಪರಿಹಾರ ಪಟ್ಟಿಯ ಮೇಲೆಯೇ ಮುದ್ರಿತವಾಗಿರುತ್ತದೆ. ಕಂಪನಿ ಇಟ್ಟ ಹೆಸರಿನ ಜೊತೆಗೆ ಮೂಲ ಔಷಧದ ಹೆಸರೂ ಪ್ರಮಾಣವೂ ಅಲ್ಲಿರುತ್ತವೆ. 1-8-2023ರಿಂದ ತಯಾರಾದ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದ್ದು, ಮೊಬೈಲಿನಲ್ಲಿಯೂ ಈ ವಿವರ ತಿಳಿಯಬಹುದು.

ನೋವು, ಉಪವಾಸ, ಬಿಸಿಲು

ಮೊಣಕಾಲು ನೋವಿಗೆ ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್‌ಗಳು ರಕ್ತದೊತ್ತಡವನ್ನು ಏರಿಸಬಲ್ಲವು. ಮೂತ್ರ ಹೆಚ್ಚಿಸುವ ಮಾತ್ರೆಯೊಡನೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಏಕಾದಶಿ, ಶ್ರಾವಣ ಸೋಮವಾರಗಳಂದು ಊಟ ಬಿಟ್ಟು ಗ್ಲಿಮಿಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ ಅನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ರಂಜಾನ್ ಉಪವಾಸಕ್ಕೂ ಈ ಮಾತು ಅನ್ವಯಿಸುತ್ತದೆ. ವ್ರತಕ್ಕೆ ಮೊದಲೇ ವೈದ್ಯರನ್ನು ಕೇಳಿ ಪ್ರಮಾಣ ನಿಗದಿಪಡಿಸಿಕೊಳ್ಳುವುದು ಅವಶ್ಯಕ.

ರಾಯಚೂರು ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ; ಅನೇಕ ಔಷಧಗಳ ಮೇಲೆ 30 ಡಿಗ್ರಿ ಮೀರದಂತೆ ಇರಿಸಲು ಸೂಚನೆಯಿರುತ್ತದೆ. ತಗಡಿನ ಗೋದಾಮಾಗಲಿ ವಾಹನದ ಮುಂಭಾಗವಾಗಲಿ ಔಷಧಕ್ಕೆ ತಕ್ಕ ಸ್ಥಳವಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ವಿದ್ಯುತ್ ಕೈಕೊಟ್ಟಾಗ, ಎರಡು ಮಣ್ಣಿನ ಮಡಕೆಗಳ ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಇರಿಸುವುದು ತಾತ್ಕಾಲಿಕ ಉಪಾಯ.

ಅನುಸರಿಸಬೇಕಾದ ಕ್ರಮ

1. ಮನೆಯ ಒಬ್ಬರೇ ಈ ಹೊಣೆ ಹೊರಬೇಕು. ಹಲವರು ನೋಡಿಕೊಳ್ಳುವ ಔಷಧ ಯಾರೂ ನೋಡಿಕೊಳ್ಳದ ಔಷಧವಾಗುತ್ತದೆ.

2. ಒಂದೇ ಹಾಳೆಯಲ್ಲಿ ಮೂಲ ಔಷಧದ ಹೆಸರು, ಪ್ರಮಾಣ, ಹೊತ್ತು, ಕಾರಣ, ಬರೆದುಕೊಟ್ಟ ವೈದ್ಯರು ಇಷ್ಟನ್ನೂ ಕನ್ನಡದಲ್ಲಿ ಬರೆದಿಡಬೇಕು. ಆಯುರ್ವೇದ, ನಾಟಿ ಔಷಧಗಳನ್ನೂ ಬಿಡಬಾರದು.

3. ಊರಿನ ವೈದ್ಯರಲ್ಲಿಗೆ ಹೋದರೂ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋದರೂ ಇದೇ ಹಾಳೆ ಜೊತೆಗಿರಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಯಾವುದನ್ನು ನಿಲ್ಲಿಸಬೇಕೆಂದು ಕೇಳಿ, ಅದನ್ನು ಹೊಡೆದುಹಾಕಬೇಕು.

4. ತಿಂಗಳಿಗೊಮ್ಮೆ ದಾಸ್ತಾನು ಪರಿಶೀಲನೆಯಂತೆ ಮಾತ್ರೆಗಳನ್ನು ಎಣಿಸಬೇಕು. ಹೆಚ್ಚು ಉಳಿದಿದ್ದರೆ ಮರೆತಂತೆ. ಬೇಗ ಮುಗಿದಿದ್ದರೆ ಇಮ್ಮಡಿ ಸೇವಿಸಿದಂತೆ. ಅವಧಿ ಮೀರಿದ್ದನ್ನು ಬೇರ್ಪಡಿಸಬೇಕು.

5. ರಕ್ತದೊತ್ತಡ ಇಳಿಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ದೀರ್ಘಕಾಲ ಕೆಲಸ ಮಾಡುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಪುಡಿ ಮಾಡಬಾರದು.

ಔಷಧದ ದುಷ್ಪರಿಣಾಮವನ್ನು 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ಯಾರು ಬೇಕಾದರೂ ತಿಳಿಸಬಹುದು.

ಬಿಲ್ಲು ಇಡುವುದರ ಲಾಭ

ಔಷಧದ ಬಿಲ್ಲುಗಳನ್ನು ಈ ಹಾಳೆಯೊಡನೆ ಜೋಡಿಸಿಟ್ಟರೆ ಇನ್ನೊಂದು ಪ್ರಯೋಜನವುಂಟು. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆಯ್ದುಕೊಂಡವರು, ಆರೋಗ್ಯ ವಿಮೆಯಿಲ್ಲದ 60 ವರ್ಷ ಮೀರಿದ ತಂದೆತಾಯಿಯರ ವೈದ್ಯಕೀಯ ವೆಚ್ಚಕ್ಕೆ ವರ್ಷಕ್ಕೆ ರೂ. 50,000ದವರೆಗೆ ಕಡಿತ ಪಡೆಯಬಹುದು. ಪಾವತಿಯು ನಗದಿನಲ್ಲಿ ಆಗಿರಬಾರದು. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ.

ತೆರಿಗೆಯ ಉಳಿತಾಯ ಗೌಣ. ಮನೆತನದ ವ್ಯವಹಾರವನ್ನು ಕಟ್ಟಿ ಬೆಳೆಸಿದ ಹಿರಿಯರ ಆರೋಗ್ಯಕ್ಕೆ ಒಂದು ಹಾಳೆ ಮತ್ತು ತಿಂಗಳಿಗೆ ಅರ್ಧ ಗಂಟೆಯ ಪರಿಶೀಲನೆ ದೊಡ್ಡ ಬಂಡವಾಳವೇನೂ ಅಲ್ಲ. ಸದಸ್ಯ ಬಾಂಧವರು ಈ ತಿಂಗಳ ಲೆಕ್ಕ ಮುಗಿಸುವ ದಿನವೇ ಆ ಪಟ್ಟಿಯನ್ನು ಬರೆಯಲು ಆರಂಭಿಸುವುದು ಉಚಿತ.