ಫೂಟಪಟ್ಟಿಯ ಎರಡು ಅಂಚುಗಳು
ಅಂಗುಲ, ಸೆಂಟಿಮೀಟರುಗಳನ್ನು ಓದುವ ಕ್ರಮ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಒಕ್ಕಲಿಗನು ಒಂದೇ ಹಂಗಾಮಿನಲ್ಲಿ ಎರಡು ಬಗೆಯ ಅಳತೆಗಳೊಡನೆ ವ್ಯವಹರಿಸಬೇಕಾಗುವದು. ಸಾಲಿನ ಅಂತರವನ್ನು ಸೆಂಟಿಮೀಟರಿನಲ್ಲಿ ಹೇಳಲಾಗುವದು. ಕೂರಿಗೆಯನ್ನು ಮಾಡಿಕೊಡುವ ಬಡಿಗನು ಅಂಗುಲವೆಷ್ಟು, ಅಂದರೆ ಇಂಚು ಎಷ್ಟು, ಎಂದು ಕೇಳುವನು. ಪಹಣಿಯಲ್ಲಿ ಹೊಲವು ಎಕರೆ-ಗುಂಟೆಗಳಲ್ಲಿ ದಾಖಲಾಗಿರುವದು. ಗೊಬ್ಬರದ ಪ್ರಮಾಣವೂ ಬೆಳೆವಿಮೆಯ ಮೊತ್ತವೂ ಹೆಕ್ಟೇರಿನ ಲೆಕ್ಕದಲ್ಲಿ ಬರುವವು. ಈ ಎರಡು ಅಳತೆಗಳೂ ಕೂಡಿರುವ ಸಾಧನವು ಮನೆಯಲ್ಲಿಯೇ ಇರುವದು. ಅದು ಶಾಲೆಯ ಮಕ್ಕಳ ಫೂಟಪಟ್ಟಿ. ಅದರ ಒಂದು ಅಂಚಿನಲ್ಲಿ ಅಂಗುಲಗಳೂ ಇನ್ನೊಂದರಲ್ಲಿ ಸೆಂಟಿಮೀಟರುಗಳೂ ಇರುವವು. ಆದರೆ ಎರಡೂ ಅಂಚುಗಳನ್ನು ಒಂದೇ ರೀತಿಯಿಂದ ಓದಲಾಗದು. ಹೆಚ್ಚಿನ ತಪ್ಪುಗಳು ಇದನ್ನು ಮರೆಯುವದರಿಂದಲೇ ಹುಟ್ಟುವವು.

ಅಂಗುಲದ ಅಂಚು ಅರ್ಧರ್ಧ ಮಾಡುತ್ತ ಹೋಗುವ ಲೆಕ್ಕದ್ದು. ಒಂದು ಅಂಗುಲದ ನಡುವೆ ಇರುವ ಉದ್ದನೆಯ ಗೆರೆಯು ಅರ್ಧ. ಅದಕ್ಕಿಂತ ಗಿಡ್ಡವಾದದ್ದು ಕಾಲು. ಅದಕ್ಕೂ ಗಿಡ್ಡವಾದದ್ದು ಅರೆಕಾಲು, ಅಂದರೆ ಎಂಟನೆಯ ಒಂದು ಪಾಲು. ಎಲ್ಲಕ್ಕೂ ಗಿಡ್ಡವಾದ ಗೆರೆಯು ಹದಿನಾರನೆಯ ಒಂದು ಪಾಲು. ಕನ್ನಡದ ಹಳೆಯ ಲೆಕ್ಕದಲ್ಲಿ ಕಾಲಿಗೆ ಹಾಗ, ಎಂಟನೆಯ ಪಾಲಿಗೆ ಬೇಳೆ, ಹದಿನಾರನೆಯ ಪಾಲಿಗೆ ವೀಸ ಎಂಬ ಹೆಸರುಗಳಿದ್ದವು. 1957ರ ಏಪ್ರಿಲ್ 1ರಂದು ನಯೇ ಪೈಸೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆಗಳಿದ್ದುದೂ ಇದೇ ಲೆಕ್ಕವು. ಆಣೆಯ ವ್ಯವಹಾರವನ್ನು ಬಲ್ಲ ಹಿರಿಯರಿಗೆ ಅಂಗುಲವೆಂದರೆ ಒಂದು ರೂಪಾಯಿ, ಸಣ್ಣ ಗೆರೆಯೆಂದರೆ ಒಂದು ಆಣೆ ಎಂದರೆ ಸಾಕು. ಕೆಲವು ಪಟ್ಟಿಗಳಲ್ಲಿ ಅಂಗುಲವನ್ನು ಎಂಟೇ ಭಾಗ ಮಾಡಿರುವರು. ಆದುದರಿಂದ ಓದುವ ಮೊದಲು ಒಂದು ಅಂಗುಲದೊಳಗಿನ ಮನೆಗಳನ್ನು ಎಣಿಸತಕ್ಕದ್ದು.

ಸೆಂಟಿಮೀಟರಿನ ಅಂಚು ಹತ್ತರ ಲೆಕ್ಕದ್ದು. ಪ್ರತಿ ಸೆಂಟಿಮೀಟರಿನಲ್ಲಿ ಹತ್ತು ಮಿಲಿಮೀಟರುಗಳು. ಐದನೆಯ ಗೆರೆಯು ತುಸು ಉದ್ದ. ಏಳು ಸೆಂಟಿಮೀಟರು ದಾಟಿ ಮೂರು ಗೆರೆಗಳಾದರೆ 7.3 ಎಂದು ನೇರವಾಗಿ ಬರೆಯಬಹುದು. ಅಂಗುಲದ ಅಂಚಿನಲ್ಲಿ ಹಾಗೆ ಬರೆಯಲಾಗದು. ಅಲ್ಲಿ ಏಳು ಅಂಗುಲ ದಾಟಿ ಮೂರು ಸಣ್ಣ ಗೆರೆಗಳಾದರೆ ಅದು ಏಳು ಅಂಗುಲ ಮೂರು ವೀಸ, ದಶಾಂಶದಲ್ಲಿ 7.19 ಆಗುವದು.

ಇದರ ಪರಿಣಾಮವು ಕೂರಿಗೆಯಲ್ಲಿ ಕಾಣುವದು. ಹಿಂಗಾರಿ ಜೋಳದ ಸಾಲಿಗೆ 45 ಸೆಂಟಿಮೀಟರು ಅಂತರವೆಂದು ಇಟ್ಟುಕೊಳ್ಳೋಣ. ಒಂದು ಅಂಗುಲಕ್ಕೆ ಸರಿಯಾಗಿ 2.54 ಸೆಂಟಿಮೀಟರು, ಭಾಗಿಸಿದರೆ ಯಂತ್ರವು 17.7 ಎಂದು ತೋರಿಸುವದು. ಇದನ್ನು ಹದಿನೇಳು ಅಂಗುಲದ ಮುಂದೆ ಏಳು ಗೆರೆ ಎಂದು ತಿಳಿದು ದಿಂಡಿನ ಮೇಲೆ ಗುರುತು ಹಾಕಿದರೆ ಅಂತರವು 44.3 ಸೆಂಟಿಮೀಟರೇ ಆಗುವದು. ಸರಿಯಾದ ಗುರುತು ಹನ್ನೊಂದನೆಯ ಮತ್ತು ಹನ್ನೆರಡನೆಯ ಗೆರೆಗಳ ನಡುವೆ ಬೀಳುವದು. ನಾಲ್ಕು ತಾಳಿನ ಕೂರಿಗೆಯಲ್ಲಿ ಮೂರು ಅಂತರಗಳಿರುವದರಿಂದ ಒಟ್ಟಿಗೆ ಎರಡು ಸೆಂಟಿಮೀಟರು ಕಡಿಮೆಯಾಗುವದು. ಬೀಜಕ್ಕೆ ಇದರಿಂದ ಕೇಡಿಲ್ಲ. ಆದರೆ ಎಡೆಕುಂಟೆಯನ್ನು ಬೇರೊಬ್ಬ ಬಡಿಗನು ಸರಿಯಾದ ಅಳತೆಗೆ ಮಾಡಿದ್ದರೆ ಎರಡೂ ಹೊಂದದೆ, ಕುಡವು ಅಂಚಿನ ಸಾಲಿನ ಪೈರಿಗೆ ತಗಲುವದು. ಬಡಿಗನಿಗೆ ಅಂಕಿಯನ್ನು ಬಾಯಿಂದ ಹೇಳುವದಕ್ಕಿಂತ, ಸೆಂಟಿಮೀಟರಿನ ಅಂಚಿನಿಂದ ಅಳೆದ ಒಂದು ಕಡ್ಡಿಯನ್ನು ಕೊಡುವದು ಲೇಸು.

ಎಲ್ಲೆಡೆಯೂ ಇಷ್ಟು ಸೂಕ್ಷ್ಮವು ಬೇಕಾಗದು. ಗೋವಿನಜೋಳಕ್ಕೆ ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರಿನಂತೆ ಎಕರೆಗೆ ಸುಮಾರು 33,700 ಗಿಡಗಳು ನಿಲ್ಲುವವು. ಸಾಲನ್ನು 60 ಸೆಂಟಿಮೀಟರಿನ ಬದಲು ಎರಡು ಅಡಿಗೆ ಹಿಡಿದರೆ ಐದುನೂರರಷ್ಟು ಗಿಡಗಳು ಮಾತ್ರ ಕಡಿಮೆಯಾಗುವವು. ಆದರೆ 20 ಸೆಂಟಿಮೀಟರಿನ ಬದಲು ಒಂದು ಗೇಣು, ಅಂದರೆ ಒಂಬತ್ತು ಅಂಗುಲ, ಹಿಡಿದರೆ ಎಕರೆಗೆ 4,200 ಗಿಡಗಳು ಹೋಗುವವು. ಅಳೆಯುವ ಅಂತರವು ಚಿಕ್ಕದಾದಷ್ಟೂ ಪಟ್ಟಿಯ ಅಗತ್ಯವು ಹೆಚ್ಚು. ಗೇಣಾದರೋ ಕೈಯಿಂದ ಕೈಗೆ ಬೇರೆಯಾಗುವದು.

ಪಟ್ಟಿಯನ್ನು ಹಿಡಿಯುವದರಲ್ಲಿಯೂ ಎರಡು ಎಚ್ಚರಿಕೆಗಳುಂಟು. ಬಹಳಷ್ಟು ಪಟ್ಟಿಗಳಲ್ಲಿ ಸೊನ್ನೆಯ ಗೆರೆಯು ತುದಿಯಲ್ಲಿರದೆ ತುಸು ಒಳಗಿರುವದು. ಅಂಥ ಪಟ್ಟಿಯನ್ನು ನೆಲಕ್ಕೆ ಚುಚ್ಚಿ ಬೀಜದ ಆಳವನ್ನು ನೋಡಿದರೆ ಲೆಕ್ಕವು ಕಡಿಮೆ ಬರುವದು. ತುದಿ ಸವೆದಿದ್ದರೆ 10ರ ಗೆರೆಯಿಂದ ಅಳೆದು, ಬಂದ ಅಂಕಿಯಲ್ಲಿ 10 ಕಳೆಯತಕ್ಕದ್ದು. ಕಣ್ಣು ಗೆರೆಗೆ ನೇರವಾಗಿರಬೇಕು. ಓರೆಯಾಗಿ ನೋಡಿದರೆ ಒಂದೆರಡು ಮಿಲಿಮೀಟರು ಸರಿದಂತೆ ತೋರುವದು. ಉಕ್ಕಿನ ಟೇಪಿನ ಕೊಕ್ಕೆಯು ಸಡಿಲಾಗಿರುವದನ್ನು ಕಂಡು ಅದನ್ನು ಬಡಿದು ಬಿಗಿಮಾಡುವವರಿರುವರು. ಅದು ಕೆಟ್ಟದ್ದಲ್ಲ, ಎಳೆದಾಗಲೂ ಒತ್ತಿದಾಗಲೂ ಕೊಕ್ಕೆಯ ದಪ್ಪವು ಲೆಕ್ಕದಲ್ಲಿ ಸೇರಲೆಂದೇ ಹಾಗೆ ಮಾಡಿರುವದು.

ಪೈಪುಗಳ ವಿಷಯದಲ್ಲಿ ಪಟ್ಟಿಯನ್ನು ಸರಿಯಾಗಿ ಓದಿದವನೂ ಮೋಸಹೋಗಬಹುದು. ಅಂಗಡಿಯಲ್ಲಿ ಎರಡಿಂಚಿನದೆಂದು ಮಾರುವ ಪ್ಲಾಸ್ಟಿಕ್ ಪೈಪಿನ ಹೊರಗಿನ ಅಡ್ಡಳತೆಯು 63 ಮಿಲಿಮೀಟರು, ಅಂದರೆ ಹತ್ತಿರ ಹತ್ತಿರ ಎರಡೂವರೆ ಅಂಗುಲ. ಎರಡೂವರೆ ಇಂಚಿನದೆಂಬುದು 75, ಮೂರಿಂಚಿನದು 90, ನಾಲ್ಕಿಂಚಿನದು 110 ಮಿಲಿಮೀಟರು. ಇಲ್ಲಿ ಅಂಗುಲವು ಹೆಸರಷ್ಟೇ. ಹಳೆಯ ಪೈಪನ್ನು ಅಳೆದುಕೊಂಡು ಹೋಗುವವನು ಮಿಲಿಮೀಟರನ್ನೇ ಹೇಳತಕ್ಕದ್ದು.

ಹೊಲದ ಅಳತೆಯ ಸಂಗತಿಯು ಇನ್ನೂ ಮಹತ್ವದ್ದು. ಮುಂಬಯಿ ಇಲಾಖೆಯ ಹಳೆಯ ಭೂಮಾಪನದಲ್ಲಿ 33 ಅಡಿಯ ಸರಪಳಿಯಿತ್ತು. ಅದನ್ನು ಹದಿನಾರು ಆಣೆಗಳಾಗಿ ವಿಭಾಗಿಸಿದ್ದರು. ಸರಪಳಿಯ ಒಂದು ಚೌಕವೇ ಗುಂಟೆ, ಅಂದರೆ 1,089 ಚದರಡಿ. ಅಂಥ ನಲವತ್ತು ಗುಂಟೆಗಳು ಒಂದು ಎಕರೆ. ಹೊಸ ಲೆಕ್ಕದ ಆರ್ ಎಂಬುದು ಹತ್ತು ಮೀಟರಿನ ಚೌಕ. 33 ಅಡಿಯು ಹತ್ತು ಮೀಟರಿಗಿಂತ ಸುಮಾರು 6 ಸೆಂಟಿಮೀಟರು ಉದ್ದವಾಗಿರುವದರಿಂದ ಗುಂಟೆಯೂ ಆರ್ ಎಂಬುದೂ ಒಂದೇ ಎಂದು ಹಲವರು ತಿಳಿಯುವರು. ಗೊಬ್ಬರಕ್ಕೆ ಆ ಲೆಕ್ಕ ಸಾಕು. ಆದರೆ ಮೀಟರಿನ ಟೇಪಿನಿಂದ ನಲವತ್ತು ಚೌಕ ಅಳೆದು ಅದನ್ನೇ ಎಕರೆಯೆಂದು ಹಂಚಿಕೊಂಡರೆ ಅರ್ಧ ಗುಂಟೆಯಷ್ಟು ಭೂಮಿ ಕಡಿಮೆಯಾಗುವದು. ಅಣ್ಣತಮ್ಮಂದಿರ ಪಾಲಿನಲ್ಲಿಯೂ ಬದುವಿನ ತಂಟೆಯಲ್ಲಿಯೂ ಅದು ಸಣ್ಣ ಮಾತಲ್ಲ.

ಇಲ್ಲಿಯೂ ಚುಕ್ಕೆಯು ಮೋಸಮಾಡುವದುಂಟು. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದು ಬರೆಯುವ ರೂಢಿಯಿದೆ. ಅದು ಎರಡೂವರೆ ಎಕರೆ, ಅಂದರೆ 1.01 ಹೆಕ್ಟೇರು. ಅದನ್ನೇ ದಶಾಂಶವೆಂದು ತಿಳಿದು 2.47ರಿಂದ ಭಾಗಿಸಿದರೆ 0.89 ಹೆಕ್ಟೇರು ಬಂದು ಹನ್ನೆರಡು ಗುಂಟೆ ಮಾಯವಾಗುವದು. ಆದುದರಿಂದ ಮೊದಲು ಗುಂಟೆಗಳನ್ನು ನಲವತ್ತರಿಂದ ಭಾಗಿಸಿ ಎಕರೆಗೆ ಕೂಡಿಸಬೇಕು, ಬಳಿಕ ಹೆಕ್ಟೇರು ಮಾಡಬೇಕು. ಒಂದು ಹೆಕ್ಟೇರಿಗೆ ಎರಡು ಎಕರೆ, ಹತ್ತೊಂಬತ್ತಕ್ಕೆ ತುಸು ಕಡಿಮೆ ಗುಂಟೆಗಳು.

ಅಂಗುಲವನ್ನೂ ಅಡಿಯನ್ನೂ ಹತ್ತರ ಲೆಕ್ಕದಲ್ಲಿ ಒಡೆದಿರುವ ಸ್ಥಳಗಳು ಎರಡುಂಟು. ಮಳೆಯ ಹಳೆಯ ದಾಖಲೆಗಳಲ್ಲಿ ಅಂಗುಲಕ್ಕೆ ನೂರು ಸೆಂಟುಗಳು, 1.25 ಎಂದಿದ್ದರೆ ಒಂದೂಕಾಲು ಅಂಗುಲ, ಅಂದರೆ 31.75 ಮಿಲಿಮೀಟರು. ಒಂದು ಅಂಗುಲ ಮಳೆಯೆಂದರೆ ಎಕರೆಯ ಮೇಲೆ ಸುಮಾರು 1,02,800 ಲೀಟರು ನೀರು ಬಿದ್ದಂತೆ. ಮಳೆಮಾಪಕದ ಗಾಜಿನ ಅಳತೆಪಾತ್ರೆಗೆ ಫೂಟಪಟ್ಟಿಯನ್ನು ಹಚ್ಚಿ ನೋಡಬಾರದು. ಅದರ ಬಾಯಿಯು ಮಾಪಕದ ಬಾಯಿಗಿಂತ ಚಿಕ್ಕದಾದುದರಿಂದ ನೀರು ಹೆಚ್ಚು ಎತ್ತರಕ್ಕೆ ನಿಲ್ಲುವದು. ಅದರ ಮೇಲೆ ಕೊರೆದ ಗೆರೆಗಳನ್ನೇ ಓದತಕ್ಕದ್ದು. ಇನ್ನೊಂದು ಸ್ಥಳವು ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟು. ಮಲಪ್ರಭೆಯ ಈ ಜಲಾಶಯದ ಪೂರ್ಣಮಟ್ಟವು 2079.50 ಅಡಿ, ಅಂದರೆ 633.83 ಮೀಟರು. ಅಲ್ಲಿಯ .50 ಎಂಬುದು ಅರ್ಧ ಅಡಿ, ಆರು ಅಂಗುಲ. ಮಟ್ಟವು .10 ಏರಿತೆಂದು ಪತ್ರಿಕೆಯಲ್ಲಿ ಓದಿದರೆ ನೀರು ಹತ್ತು ಅಂಗುಲವಲ್ಲ, ಒಂದು ಅಂಗುಲದ ಮೇಲೆ ಮೂರು ವೀಸದಷ್ಟು, ಅಂದರೆ ಮೂರು ಸೆಂಟಿಮೀಟರಿನಷ್ಟು ಮಾತ್ರ ಏರಿರುವದು.